ಕುಂಕುಮ ಹಚ್ಚಿದ ಚೋಕ್ ಕೇಬಲ್

ಅಣ್ಣಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಬೈಯುವುದಕ್ಕೇ ಬರೆಯುತ್ತಿದ್ದೇನೆ. ನೀನು ಹೋಗಿ ಐದು ತಿಂಗಳಾಯಿತು, ಅಳುವುದೆಲ್ಲ ಮುಗಿಯಿತು ಅಂದುಕೊಂಡಿದ್ದೆ. ಭಾನುವಾರ ನಿನ್ನ ಟೂಲ್ ಬಾಕ್ಸ್ ತೆರೆದ ಮೇಲೆ ಬೈಗುಳವಿನ್ನೂ ಬಾಕಿ ಇದೆ ಅಂತ ಗೊತ್ತಾಯಿತು.

ನಿನ್ನ ಅಪಾರ್ಟ್‌ಮೆಂಟಿನ ಆಫೀಸಿನವರು ನಿನ್ನ ಹಳೇ ಬೈಕಿನ ಟ್ಯಾಂಕಿಗೆ ಚೀಟಿ ಅಂಟಿಸಿದ್ದರು. ಓಡದ ಗಾಡಿ ಇಲ್ಲಿ ಇಡುವಂತಿಲ್ಲ, ಶುಕ್ರವಾರದೊಳಗೆ ಸ್ಟಾರ್ಟ್ ಮಾಡಿ ತೋರಿಸಿ, ಇಲ್ಲದಿದ್ದರೆ ಟೋ ಮಾಡಿ ಎಳೆದೊಯ್ಯುತ್ತೇವೆ ಅಂತ. ಅತ್ತಿಗೆ ಫೋನ್ ಮಾಡಿ, "ಎತ್ಕೊಂಡ್ ಹೋಗ್ಲಿ ಬಿಡು ಸುಮಾ, ನಂಗದನ್ನ ನೋಡಕ್ಕಾಗ್ತಿಲ್ಲ" ಎಂದರು. ಆ ದನಿ ಕೇಳಿದ್ದರೆ ನೀನೂ... ಇರಲಿ. ನನ್ನ ಫ್ರೀಮಾಂಟಿನಿಂದ ನಿಮ್ಮ ಯೂನಿಯನ್ ಸಿಟಿಗೆ ಕಾರಿನಲ್ಲಿ ಹತ್ತು ನಿಮಿಷ, ಹೊರಟು ಬಂದೆ.

ನೆನಪಿದೆಯಾ, ಈ ದೇಶಕ್ಕೆ ಬರುವ ಮೊದಲು ಮೈಸೂರಿನಲ್ಲಿ ಅಪ್ಪನ ಸ್ಕೂಟರ್ ಬಿಚ್ಚುವಾಗ ನನ್ನ ಕೈಗೆ ಟಾರ್ಚು ಕೊಡುತ್ತಿದ್ದೆ? ಸ್ಪ್ಯಾನರ್ ಒಂದು ದಿನವೂ ಕೊಡಲಿಲ್ಲ. "ನೀನ್ ಬರೀ ಬೆಳಕ್ ಬಿಡು" ಅನ್ನುತ್ತಿದ್ದೆ. ಬೆಳಕು ಬಿಡುವವಳಿಗೂ ಕಣ್ಣಿರುತ್ತದೆ ಕಣೋ. ಬ್ಯಾಟರಿ ಚಾರ್ಜ್ ಮಾಡಿದೆ, ಹಳೇ ಪೆಟ್ರೋಲು ಬಸಿದು ಹೊಸದು ತುಂಬಿದೆ. ತಣ್ಣಗಿರುವ ಹಳೇ ಇಂಜಿನ್ನು ಚೋಕ್ ಇಲ್ಲದೆ ಏಳುವುದಿಲ್ಲವಲ್ಲ, ಹ್ಯಾಂಡಲ್ ಹತ್ತಿರದ ಚೋಕ್ ಲಿವರ್ ಎಳೆದೆ. ಸಡಿಲವಾಗಿ ಬಂತು, ಎಳೆಯಲು ಆ ಕಡೆ ಏನೂ ಇರಲಿಲ್ಲ. ಟ್ಯಾಂಕು ಇಳಿಸಿ ನೋಡಿದರೆ ಚೋಕ್ ಕೇಬಲ್ಲಿನ ಒಳಗಿನ ತಂತಿ ತುಂಡಾಗಿದೆ, ತುಂಡಾದ ತುದಿಗೆ ತುಕ್ಕು ಹಿಡಿದಿದೆ. ನಿನ್ನೆ ಮೊನ್ನೆ ಮುರಿದದ್ದಲ್ಲ ಅದು.

ಮೂರು ವರ್ಷದ ಹಿಂದಿನ ಆಯುಧಪೂಜೆ ಆಗ ಕಣ್ಣ ಮುಂದೆ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು, ಹ್ಯಾಂಡಲ್‌ಗೆ ಚೆಂಡುಹೂವು, ಸುತ್ತಲೂ ನಾವೆಲ್ಲ. ನೀನು ಒಂದು ಕೈಯಲ್ಲಿ ಗತ್ತಿನಿಂದ ಚೋಕ್ ಎಳೆದೆ. ಇನ್ನೊಂದು ಕೈ ಟ್ಯಾಂಕಿನ ಕೆಳಗೆ ಹೋಗಿತ್ತು. ಬೈಕನ್ನು ಸವರುತ್ತಿದ್ದೀಯ ಅಂದುಕೊಂಡು ನಾವು ಚಪ್ಪಾಳೆ ತಟ್ಟಿದೆವು! ಒಳಗೆ ಕಾರ್ಬುರೇಟರಿನ ಚೋಕನ್ನು ಬೆರಳಲ್ಲೇ ತಳ್ಳುತ್ತಿದ್ದೆ, ಕಳ್ಳ. ಅತ್ತಿಗೆಯನ್ನು ಕೇಳಿದರೆ, "ಪೂಜೆ ಹಿಂದಿನ್ ದಿನ ಕೇಬಲ್ ಕಿತ್ತೋಯ್ತು ಅಂತ ಹೊಸದ್ ತಂದಿದ್ರು. ಸ್ಪ್ಯಾನರೆಲ್ಲಾ ಆಗ್ಲೇ ದೇವ್ರ ಮುಂದೆ ಇಟ್ಟಿದ್ವಿ, ಮುಟ್ಬಾರ್ದಲ್ಲ, ವಿಜಯದಶಮಿ ಆಗ್ಲಿ ಅಂದ್ರು. ಆಮೇಲೆ ಓಡಿಸ್ತಾನೇ ಇದ್ರಲ್ಲಾ?" ಎಂದರು. ಓಡಿಸುತ್ತಲೇ ಇದ್ದೆ. ಚೋಕನ್ನು ವಾಪಸ್ ತಳ್ಳುವಾಗ ಬಿಸಿಯಾದ ಇಂಜಿನ್ನಿಗೆ ತಾಗಿ ಬೆರಳು ಸುಟ್ಟರೆ ಬಾಣಲೆ ತಾಗಿತು ಅಂತ ಸುಳ್ಳು ಹೇಳಿಕೊಂಡು.

ಟೂಲ್ ಬಾಕ್ಸ್ ತೆರೆದೆ. ಮೇಲೇ ಇತ್ತು, ಹೊಸ ಕೇಬಲ್ಲು, ಕವರು ಕೂಡ ಒಡೆದಿಲ್ಲ. ಕವರಿನ ಮೇಲೆ ಕುಂಕುಮದ ಮೂರು ಬೊಟ್ಟು. ಪ್ರತಿ ವರ್ಷವೂ ಅದಕ್ಕೆ ಪೂಜೆ ಮಾಡಿದ್ದೀಯ, ಹಾಕಿಲ್ಲ. ನಗುವೇ ಬಂತು ನನಗೆ. ಅದರ ಕೆಳಗಿದ್ದ ಮಡಿಸಿದ ಕಾಗದ ಬಿಡಿಸುವವರೆಗೆ.

ಹೃದಯದ ಟ್ರೆಡ್‌ಮಿಲ್ ಟೆಸ್ಟಿಗೆ ಡಾಕ್ಟರು ಬರೆದುಕೊಟ್ಟ ಚೀಟಿ. 'ಎದೆನೋವು, ಬೇಗ ಮಾಡಿಸಿ' ಅಂತ. ಬದಿಯಲ್ಲಿ ನಿನ್ನದೇ ಅಕ್ಷರ: ಯುಗಾದಿ ಆದಮೇಲೆ.

ಯಾರಿಗೆ ಯಾವ ಯುಗಾದಿ ಅಣ್ಣಾ? ಹಬ್ಬಕ್ಕೆ ಹತ್ತು ದಿನ ಇರುವಾಗ ನೀನೇ ಇರಲಿಲ್ಲ. ನೀನು ಫಾರ್ಮಸಿಸ್ಟು. ಕೌಂಟರಿನಲ್ಲಿ ನಿಂತು ದಿನವಿಡೀ ಊರಿಗೆಲ್ಲ ಬುದ್ಧಿ ಹೇಳುವವನು. ಅಪ್ಪ ಹೋದದ್ದೂ ಎದೆನೋವಿಂದಲೇ ಅಂತ ಮರೆತುಹೋಗಿತ್ತಾ? ಹೆಂಡತಿ ಕೈ ಹಾಕದ ಜಾಗ ಇದೊಂದೇ ಅಂತ ಟೂಲ್ ಬಾಕ್ಸಿನಲ್ಲಿ ಬಚ್ಚಿಟ್ಟೆಯಾ?

ನೀನು ಹೋದ ದಿನ ಮಧ್ಯಾಹ್ನ ಅತ್ತಿಗೆ ಮೆಣಸಿನಕಾಯಿ ಬಜ್ಜಿ ಕರಿದಿದ್ದರು. ನೀನು ಎದೆ ಉರಿ ಅಂದೆ. ಅವರು ಜೀರಿಗೆ ಹಾಕಿದ ಮಜ್ಜಿಗೆ ಕೊಟ್ಟು, ಸ್ವಲ್ಪ ಮಲಗಿ ಅಂದರು. ಕಾಫಿಗೆ ಎಬ್ಬಿಸಿದರೆ ನೀನು ಏಳಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಬಾಣಲೆ ಒಲೆ ಏರಿರಲಿಲ್ಲ. "ಬಜ್ಜಿ ಹಾಕಿದ್ ನಾನು, ಮಲಗ್ಸಿದ್ ನಾನು" ಅಂತ ಐದು ತಿಂಗಳಿಂದ ತನ್ನನ್ನೇ ಕೊಲೆಗಾರ್ತಿ ಮಾಡಿಕೊಂಡಿದ್ದರು. ಈ ಕಾಗದ ತೋರಿಸಿದರೆ ಆ ಹೊರೆ ಇಳಿಯುತ್ತದೆ, ಆದರೆ ನೀನು ಸುಳ್ಳುಗಾರನಾಗುತ್ತೀಯ. ಎಂಥ ಕೆಲಸ ಬಿಟ್ಟುಹೋದೆ ನೋಡು ನನಗೆ.

ಯೋಚಿಸುತ್ತಲೇ ಕೇಬಲ್ ಹಾಕಿದೆ. ಹಳೆಯದು ಹೋಗಿದ್ದ ದಾರಿಯಲ್ಲೇ ಹೊಸದನ್ನು ತೂರಿಸಿ, ತುದಿಯ ಗುಂಡನ್ನು ಕಾರ್ಬುರೇಟರಿನ ಕೊಂಡಿಗೆ ಸಿಕ್ಕಿಸಿ, ಸ್ಕ್ರೂ ಬಿಗಿದೆ. ಟ್ಯಾಂಕು ಮತ್ತೆ ಕೂರಿಸಿದ್ದೂ ಸೇರಿ ಮುಕ್ಕಾಲು ಗಂಟೆ. ಇಷ್ಟಕ್ಕೆ ಮೂರು ವರ್ಷ! ಆ ಸಿಟ್ಟಿನಲ್ಲೇ ಮಹಡಿ ಹತ್ತಿ ಹೋಗಿ ಕಾಗದವನ್ನು ಅತ್ತಿಗೆಯ ಕೈಗೆ ಕೊಟ್ಟೆ.

ಎರಡು ಸಲ ಓದಿದರು. ಮನೆಚಪ್ಪಲಿಯಲ್ಲೇ ಸರಸರ ಕೆಳಗಿಳಿದು ಬಂದು ಬೈಕಿನ ಎದುರು ನಿಂತರು. ನಾನು ಚೋಕ್ ಎಳೆದು ಬಟನ್ ಒತ್ತಿದೆ. ಎರಡನೇ ಸಲಕ್ಕೇ ಸ್ಟಾರ್ಟ್ ಆಯಿತು. ಆ ಸದ್ದಿನ ಮೇಲೆ ಅತ್ತಿಗೆ ಸೀಟಿಗೆ ರಪ್ಪನೆ ಹೊಡೆದು ಕೂಗಿದರು, "ಗೊತ್ತಿದ್ದೂ ನನ್ ಕೈಲಿ ಮಜ್ಜಿಗೆ ಈಸ್ಕೊಂಡ್ ಕುಡುದ್ರಾ? ಗೊತ್ತಿದ್ದೂ?" ಪಕ್ಕದ ಮನೆಯವರು ಹೊರಗೆ ಬಂದರು. ಅತ್ತಿಗೆ ಲೆಕ್ಕಿಸಲಿಲ್ಲ, ಇಂಜಿನ್ನು ಬಿಸಿಯಾಗುವವರೆಗೂ ನಿನ್ನನ್ನು ಬೈದರು. ನಾನು ತಡೆಯಲಿಲ್ಲ.

ಸದ್ದು ಕೇಳಿ ಬಂದ ಆಫೀಸಿನವರು ಟ್ಯಾಂಕಿನ ಚೀಟಿ ಕಿತ್ತುಕೊಂಡು ಹೋದರು. ಸಂಜೆ ಅತ್ತಿಗೆ ಒಲೆಯ ಮೇಲೆ ಬಾಣಲೆ ಇಟ್ಟರು. ಹಪ್ಪಳ ಕರಿದರು, ಇಬ್ಬರೂ ಸಾರನ್ನ ಉಂಡೆವು. ತಾನೇ ಕೊಂದೆ ಎಂಬ ಮಾತು ಅವರ ಬಾಯಿಂದ ಅಂದು ಬರಲಿಲ್ಲ.

ಇನ್ನೊಂದು ವಿಷಯ. ನಾನೂ ಅದೇ ಅಪ್ಪನ ಮಗಳಲ್ಲವೇ, ನನ್ನ ಡಾಕ್ಟರಿಗೆ ಹೇಳಿ ಅದೇ ಟೆಸ್ಟಿಗೆ ದಿನ ತೆಗೆದುಕೊಂಡೆ. ಬುಧವಾರ ಸಿಕ್ಕಿತು. ಕ್ಯಾಲೆಂಡರ್ ನೋಡಿದರೆ ಅವತ್ತು ಅಮಾವಾಸ್ಯೆ. ಬಾಯಿತಪ್ಪಿ ಅತ್ತಿಗೆಗೆ ಅದನ್ನು ಹೇಳಿದೆ.

"ಅಮಾವಾಸ್ಯೆ ಆದ್ಮೇಲೆ ಅಂತ ಏನಾದ್ರೂ ಅಂದ್ರೆ ಕಪಾಳಕ್ಕೆ ಬಾರಿಸ್ತೀನಿ. ಏಳೂವರೆಗೆ ಕಾರ್ ತರ್ತೀನಿ, ಕೆಳಗೆ ನಿಂತಿರು" ಎಂದರು.

ನಿಂತಿರುತ್ತೇನೆ.

ನಿನ್ನ ತಂಗಿ,
ಸುಮಾ