ನನ್ನ ಮಾತು ಕೇಳಿ ಸತ್ತವರು

ಅದ್ಲಿಯಾ, ಬಹರೈನ್
ಶನಿವಾರ, 19 ಜುಲೈ 2025

ಪ್ರೀತಿಯ ತಮ್ಮ ಭವಿತ್,

ಹೇಗಿದ್ದೀ ಮಾರಾಯ? ಅಮ್ಮನ ಮಂಡಿನೋವು ಕಡಿಮೆಯಾಯಿತಾ? ನಿನ್ನ ಕೆಮ್ಮಿಗೆ ಕೊಟ್ಟ ಕಷಾಯ ಕುಡಿಯುತ್ತಿದ್ದೀಯೋ, ಚೆಲ್ಲುತ್ತಿದ್ದೀಯೋ? ನಾವಿಲ್ಲಿ ಸೌಖ್ಯ. ಕೆಳಗಿನ ಫ್ಲ್ಯಾಟಿನ ಹೇಜಲ್ ರಜೆಗೆ ಮಂಗಳೂರಿಗೆ ಹೊರಟಿದ್ದಾಳೆ, ಖರ್ಜೂರದ ಜೊತೆ ಈ ಕಾಗದವನ್ನೂ ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀ, ಇಲ್ಲಿ ನಿನ್ನ ಭಾವನ ಕಿವಿ ಬೇರೆ.

ನಿನ್ನೆಯ ಮೊಬೈಲ್ ಆಟದ ಬಗ್ಗೆ ನೀನೊಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಲಕ್ಕೆ, ಬಂಡೆ ಹಿಂದೆ ಇದ್ದಾರೆ, ಹೊಡೀರಿ!" ಎಂದು ನಾನು ಕೂಗಿದೆ. ನೀವು ಮೂವರೂ ಬಲಕ್ಕೆ ತಿರುಗಿದಿರಿ, ಗುಂಡು ಎಡದಿಂದ ಬಿತ್ತು. ನನ್ನ ಮೊಬೈಲಿನಲ್ಲಿ ಎದುರು ಪಾರ್ಟಿಯವರು ಆಗಲೂ ಬಂಡೆಯ ಹಿಂದೆಯೇ ಇದ್ದರು, ದೇವರಾಣೆ. ಆಟದ ಸರ್ವರ್ ಮುಂಬಯಿಯಲ್ಲಿ, ನಾನು ಇಲ್ಲಿ, ನಡುವೆ ನೆಟ್ ತೆವಳಿಕೊಂಡು ಬರುತ್ತದೆ. ನಾನು ನೋಡುವುದೆಲ್ಲ ಆಗಲೇ ಆಗಿಹೋದದ್ದು. ಊರಿನಲ್ಲಿದ್ದಾಗ ನನ್ನ ಕಣ್ಣು ತಪ್ಪಿದ್ದುಂಟಾ? ಅದಕ್ಕೇ ನೀವು ಹಿಂದೆಮುಂದೆ ನೋಡದೆ ತಿರುಗಿದ್ದು.

ನಿನ್ನ ಭಾವನನ್ನು ನೋಡು. ಇದೇ ಮನೆ, ಇದೇ ನೆಟ್. ಆಟ ಕಲಿತು ತಿಂಗಳಾಗಿಲ್ಲ, ಪೊದೆಯೊಳಗೆ ಮಲಗಿ ಕೊನೆಯವರೆಗೂ ಬದುಕುತ್ತಾರೆ! ಅವರ ಗುರಿ ಹೇಗೂ ತಪ್ಪುವುದೇ, ತಡವಾದರೆ ಅವರಿಗೆಂತ? ಅವರ ಮಾತು ಕೇಳಿ ತಿರುಗುವವರೂ ಇಲ್ಲ. "ನೆಟ್ ಸರಿ ಉಂಟಲ್ಲಾ! ಮದುವೆ ಆದ ಮೇಲೆ ನಿನ್ನ ಕೈಗೇ ಜಡ್ಡು ಹಿಡಿದದ್ದು" ಎಂದು ನಗುತ್ತಾರೆ. ಕೆಟ್ಟವರಲ್ಲ ಪಾಪ, ಬೆಳಿಗ್ಗೆ ಟುಬ್ಲಿಯ ಗ್ಯಾರೇಜಿಗೆ ಹೋದರೆ ಕತ್ತಲಾಗುವಾಗ ಬರುತ್ತಾರೆ. ನನ್ನ ವೀಸಾದಲ್ಲಿ ಕೆಲಸಕ್ಕೆ ಸೇರುವಂತಿಲ್ಲ, ಈ ಬಿಸಿಲಿಗೆ ಹೊರಗೆ ಕಾಲಿಡುವಂತಿಲ್ಲ. ಏಸಿ ಹಾಕಿ, ಬಾಗಿಲು ಮುಚ್ಚಿ, ಎದುರಿನ ಕಟ್ಟಡದ ಗೋಡೆ ನೋಡುತ್ತಾ ಕೂತಿರುತ್ತೇನೆ.

ಮುಂದಿನ ವಾರ ಟೂರ್ನಮೆಂಟಿನ ಆಯ್ಕೆ ಪಂದ್ಯ. ನಿನ್ನ ದೋಸ್ತಿ ಸಾಹಿಲ್ ನನ್ನ ಜಾಗಕ್ಕೆ ಕಾಯುತ್ತಿದ್ದಾನೆ, ನೀನು ಅಕ್ಕನ ಮುಖ ನೋಡಿ ಸುಮ್ಮನಿದ್ದೀ. ತಂಡ ಕಟ್ಟಿದವಳು ನಾನು, ಜಾಗ ಬಿಡುವುದಿಲ್ಲ ಎಂದು ಅವನಿಗೆ ಹೇಳು.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ. ನಿನಗೆ ದೇವರು ಒಳ್ಳೆಯ ಬುದ್ಧಿ, ಅದಕ್ಕಿಂತ ಒಳ್ಳೆಯ ನೆಟ್ ಕೊಡಲಿ.

ನಿನ್ನ ಅಕ್ಕ,
ನವ್ಯಶ್ರೀ

ವಿ.ಸೂ.: ಹೇಜಲ್ ಬಾಗಿಲು ತಟ್ಟುತ್ತಿದ್ದಾಳೆ. ಸಾಹಿಲ್‌ನನ್ನೇ ಆಡಿಸು ಮಾರಾಯ, ನೀವು ಗೆಲ್ಲಬೇಕು. ಆದರೆ ದಿನದ ಪ್ರಾಕ್ಟೀಸಿನಿಂದ ನನ್ನನ್ನು ತೆಗೆಯಬೇಡ. ನಾನು ಎದುರು ಪಾರ್ಟಿಯವಳಾಗಿ ಓಡುತ್ತೇನೆ, ನೀವು ನನ್ನನ್ನೇ ಹೊಡೆದು ಕಲಿಯಿರಿ. ಹಗಲಿಡೀ ಯಾರಾದರೂ ನನ್ನನ್ನು ಹೆಸರು ಹಿಡಿದು ಕರೆಯುವುದಿದ್ದರೆ ಅಲ್ಲಿ ಮಾತ್ರ.