ಬಾಯಲ್ಲಿ ಗುಂಡುಸೂಜಿ

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಜನವರಿಯಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿರುವ ಅಕ್ಕನನ್ನು ಮೊದಲು ಬೈದುಕೋ, ಆಮೇಲೆ ಓದು. ನಿನ್ನ ಹೊಲಿಗೆ ಅಂಗಡಿ ಚೆನ್ನಾಗಿ ನಡೆಯುತ್ತಿದೆಯೆಂದು ಗುಂಡಿ ಮಾರುವವನು ಹೇಳಿದ. ಸಂತೋಷವಾಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ನನ್ನ ಸುದ್ದಿಯೆಂದರೆ, ಕೆಳಗಿನ ಎರಡು ಮುಂದಿನ ಹಲ್ಲು ಹೋದವು. ಕೋಟಿನ ತೋಳು ಹೊಲಿದು ಎಂದಿನಂತೆ ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದೆ. ದಾರ ತುಂಡಾಗಲಿಲ್ಲ, ಹಲ್ಲೇ ಅಲ್ಲಾಡಿತು. ಎರಡನ್ನೂ ಕಿತ್ತ ಹಲ್ಲಿನ ಡಾಕ್ಟರಮ್ಮ ನಿನ್ನ ವಯಸ್ಸಿನವರು. "ಹಲ್ಲುಜ್ಜುವಾಗ ರಕ್ತ ಬರ್ತಿರಲಿಲ್ವಾ?" ಎಂದು ಕೇಳಿದರು.

"ಬರ್ತಿತ್ತು. ನಾವು ಬಟ್ಟೆ ಹೊಲಿಯೋರು, ಯಾವಾಗಲೂ ಬಾಯಲ್ಲಿ ಗುಂಡುಸೂಜಿ. ಚುಚ್ಚಿರುತ್ತೆ ಅಂದ್ಕೊಂಡೆ" ಎಂದೆ. ನೀನೂ ನಾನೂ ಹಾಗೆ ಹೇಳಿಕೊಂಡು ನಗುತ್ತಿದ್ದೆವಲ್ಲ. ಅವರು ನಗಲಿಲ್ಲ.

"ಚುಚ್ಚಿದ ಗಾಯ ಬೇಗ ಮಾಯುತ್ತೆ. ವಸಡು ಕೆಂಪಗಾಗಿ ಊದ್ಕೊಂಡು, ಎರಡು ವಾರ ಆದ್ರೂ ರಕ್ತ ನಿಲ್ಲದಿದ್ರೆ ಆಗಲೇ ಬರ್ಬೇಕಿತ್ತು. ಈಗ ವಸಡು ಸರಿದು, ಒಳಗೆ ಮೂಳೆನೂ ಕರಗಿದೆ."

"ನೋವೇ ಇರ್ಲಿಲ್ವಲ್ಲ!"

"ಇದು ಸದ್ದಿಲ್ಲದೆ ಬರೋ ಕಾಯಿಲೆ ಕಣಮ್ಮ."

ಮೊದಲೇ ಹೋಗಿದ್ದರೆ, ಹಲ್ಲಿನ ಮೇಲೆ ಕಲ್ಲಾಗಿದ್ದ ಪಾಚಿ ತೆಗೆದು ಶುಚಿ ಮಾಡಿದರೆ ಸಾಕಾಗುತ್ತಿತ್ತೇನೋ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಸಿದೆ ನೋಡು. ಉಳಿದ ಹಲ್ಲುಗಳಿಗೆ ಚಿಕಿತ್ಸೆ ನಡೆದಿದೆ. ಈಗ ಸೂಜಿ ಬಟ್ಟೆಯ ದಿಂಬಿಗೆ, ದಾರ ಕತ್ತರಿಗೆ.

ನೀನೂ ಇವತ್ತೇ ತುಟಿ ಸರಿಸಿ ಕನ್ನಡಿಯಲ್ಲಿ ನೋಡಿಕೋ. ಒಂದೇ ತಾಯಿಯ ಮಕ್ಕಳು, ಇದು ಮನೆತನದಲ್ಲೂ ಬರಬಹುದಂತೆ. ರಕ್ತ ಕಂಡರೆ ನೋವು ಬರಲೆಂದು ಕಾಯಬೇಡ, ಹೋಗಿ ತೋರಿಸು.

ನಿನ್ನ ಕೈಯ ಕಸುಬು, ಬಾಯಿಯ ನಗು ಎರಡೂ ನೂರು ವರ್ಷ ಬಾಳಲಿ.

ನಿನ್ನ
ಅಕ್ಕ

ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ: ಡಾಕ್ಟರಮ್ಮ ಇನ್ನೊಂದು ಕೇಳಿದರು. "ಬಾಯಿ ವಾಸನೆ ಬರ್ತಿದೆ ಅಂತ ಹತ್ತಿರದವರು ಯಾರೂ ಹೇಳ್ಲಿಲ್ವಾ?" ಆಗ ಹೊಳೆಯಿತು. ನನ್ನೆದುರು ಕೂತು ಹೊಲಿಯುತ್ತಿದ್ದ ನೀನು ಮಿಷನ್ನನ್ನು ಕಿಟಕಿಯ ಹತ್ತಿರ ಎಳೆದುಕೊಂಡು, "ಇಲ್ಲಿ ಬೆಳಕು ಚೆನ್ನಾಗಿದೆ ಅಕ್ಕ" ಎಂದಿದ್ದೆ. "ಅಕ್ಕನ ಮುಖ ನೋಡೋಕೂ ಆಗದಷ್ಟು ದೊಡ್ಡವಳಾದ್ಯಾ?" ಎಂದು ಕೂಗಾಡಿ ನಿನ್ನನ್ನು ಅಂಗಡಿಯಿಂದಲೇ ಕಳಿಸಿದೆ. ನನಗೆ ನೋವಾಗಬಾರದೆಂದು ನೀನು ಬಾಯಿ ಬಿಡಲಿಲ್ಲ, ಅಲ್ಲವೇನೇ? ಹಲ್ಲನ್ನಾದರೂ ಕಟ್ಟಿಸಿಕೊಳ್ಳಬಹುದು. ಆ ಕಿಟಕಿಯ ಹತ್ತಿರ ಇವತ್ತಿಗೂ ಏನನ್ನೂ ಇಟ್ಟಿಲ್ಲ ಪುಟ್ಟೀ.