ಕುಬಸದ ಹಾಡಿಗೆ ರೇಟು

ಕಸ್ತೂರಕ್ಕಾ, ಶರಣು.

ನೀನು ಲಿಂಗೈಕ್ಯಳಾಗಿ ವರ್ಷವಾಯಿತು. ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ನಾನು ಪೂಜೆ ಮುಗಿಸಿ ಏಳುವಾಗ ನಿನ್ನ ಹಿರಿಮಗಳು ಅಂಬಿಕಾ ಬಂದಳು. ತಂಗಿ ಬಸುರಿ, ಅವಳ ಕುಬಸವಂತೆ.

"ಹಾಡಲಿಕ್ಕೆ ಬರ್ತೀರೇನ್ರಿ? ನಿಮ್ದು ರೇಟ್ ಎಷ್ಟದರಿ?" ಅಂದಳು. ನನ್ನ ತೊಡೆಯ ಮೇಲೆ ಬೆಳೆದ ಹುಡುಗಿ, ಚಿಗವ್ವಾ ಅನ್ನುತ್ತಿದ್ದವಳು.

ನಮ್ಮೂರು ಆಡಕಿಯಲ್ಲಿ ಯಾರ ಮನೆಯ ಕುಬಸವಿದ್ದರೂ ನಾವಿಬ್ಬರೂ ಹೋಗಿ ಹಾಡುತ್ತಿದ್ದೆವು. ನಾನು ಸೊಲ್ಲು ಎತ್ತಿದರೆ ನೀನು ಹಿಡಿಯುತ್ತಿದ್ದೆ. ಸೇಡಂನ ಫಂಕ್ಷನ್ ಹಾಲಿನವರು ಕರೆದಾಗ ನೀನು, "ರೊಕ್ಕಕ್ಕ ನಾ ಹಾಡಂಗಿಲ್ಲವ್ವಾ, ಶಿವ ಕೊಟ್ಟಿದ್ದದು" ಅಂದೆ.

"ಬಿಟ್ಟಿ ಹಾಡಿದ್ರ ಹೊಟ್ಟಿ ತುಂಬತದೇನು?" ಎಂದು ನಾನೊಬ್ಬಳೇ ಹೋದೆ. ಆಮೇಲೆ ನೀನು ನನ್ನೊಡನೆ ಹಾಡಲೇ ಇಲ್ಲ.

ಅಂಬಿಕಾಗೆ, "ನಿಮ್ಮವ್ವನ ಮನಿಗೆ ಎಂಥ ರೇಟವ್ವಾ" ಅನ್ನಬೇಕಿತ್ತು. ಏಳು ವರ್ಷದ ರೂಢಿ ನೋಡು, ಕೇಳಿದ ಕೂಡಲೇ ಬಾಯಿಂದ ರೇಟು ಬಂದುಬಿಟ್ಟಿತು.

"ಆಯ್ತ್ರಿ, ಮನ್ಯಾಗ ಕೇಳಿ ಹೇಳ್ತೀನ್ರಿ" ಎಂದು ಎದ್ದಳು.

ಓಣಿಯ ಎಲ್ಲ ಮನೆಯವರಿಗೂ ಕುಂಕುಮ ಹಚ್ಚಿ ಕುಬಸಕ್ಕೆ ಕರೆಯುತ್ತ ಬಂದಿದ್ದಳು ಅಕ್ಕಾ. ನಾನೂ ಮುತ್ತೈದೆಯೇ, ನನಗೆ ಮಾತ್ರ ಹಚ್ಚದೆ ಹೋದಳು.